ಹಾವಿಗೆ 'ಹುಳ' ಅನ್ನುವುದೇಕೆ?



ಪ್ರಾಣಿಗಳಿಗೆ ಹೆಸರು ಹೇಗೆ ಬಂತು ಎಂದು ಯೋಚಿಸಿದ್ದೀರಾ? ಕೆಲವು ಹೆಸರು ಅವುಗಳ ಕೂಗಿನಿಂದ ಬಂದವು. ಕಾ ಕಾ ಅನ್ನುವುದು ಕಾಗೆ. ಕೆಲವು ಬಹಳ ಹಳೆಯವು. ಹಳಗನ್ನಡದಲ್ಲಿ ಹುಲಿಗೆ ಪುಲಿ, ಹಂದಿಗೆ ಪಂದಿ, ಹಾವಿಗೆ ಪಾವು ಎನ್ನುತ್ತಿದ್ದರು. ಕಾಲ ಕಳೆದಂತೆ ಪಕಾರ ಹೋಗಿ ಹಕಾರ ಬಂತು. ತಮಿಳಿನಲ್ಲಿ ಈಗಲೂ ಪುಲಿ, ಪಾಂಬು ಎಂದೇ ಇದೆ. ನಮ್ಮ ಕೊಳ್ಳೇಗಾಲ ಸೀಮೆ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹಾಗಾಗಿ ನಮ್ಮ ಕಡೆ ಹಿರಿಯರಿಗೆ ಈ ಪದಗಳು ಹೊಸವಲ್ಲ.

ಇನ್ನು ಕೆಲವು ಹೆಸರು ಹುಟ್ಟಿದ್ದು ಭಯದಿಂದ. ನಮ್ಮಜ್ಜಿ ಕತ್ತಲಾದ ಮೇಲೆ 'ಹಾವು' ಅನ್ನೋಕೆ ಬಿಡಲ್ಲ. "ಹುಳ ಅನ್ನು ಮಗ, ಹೆಸರು ಹೇಳುದ್ರೆ ಬತ್ತದೆ" ಅಂತಾರೆ. ಕಚ್ಚಿದರೂ 'ಹುಳ ಮುಟ್ತು' ಅಂತಲೇ ಹೇಳ್ತಾರೆ.

ಇದು ನಮ್ಮೂರಿನಲ್ಲಿ ಮಾತ್ರ ಅಲ್ಲ. ರಷ್ಯನ್ ಭಾಷೆಯಲ್ಲಿ ಕರಡಿಗೆ 'ಮೆದ್ವೇದ್' ಎನ್ನುತ್ತಾರೆ. ಅಂದರೆ ಜೇನು ತಿನ್ನುವುದು ಎಂದರ್ಥ. ಅವರ 'ಮ್ಯೋದ್' (ಜೇನು), ಸಂಸ್ಕೃತದ 'ಮಧು' ಎರಡೂ ಒಂದೇ ಮೂಲದವು. ಕರಡಿಗೆ ಹೆದರಿ ಅದರ ನಿಜವಾದ ಹೆಸರು ಹೇಳದೆ ಹೀಗೆ ಕರೆದರು ಎನ್ನುತ್ತಾರೆ ಭಾಷಾ ಪಂಡಿತರು. ಸಂಸ್ಕೃತದ 'ಋಕ್ಷ'ದಂಥ ಹಳೆಯ ಹೆಸರು ಅವರಲ್ಲಿ ಮರೆತೇ ಹೋಯಿತು!

ಅಜ್ಜಿಯ ಮಾತನ್ನು ನಾನು ನಗುವುದಿಲ್ಲ. ಅದು ನಮ್ಮ ಹಿರಿಯರ ಭಾಷೆ. ಆದರೆ ಒಂದು ಕಡೆ ಮಾತ್ರ ಅದನ್ನು ಬಳಸಬಾರದು. ಅದು ಆಸ್ಪತ್ರೆ. 'ಹುಳ ಮುಟ್ಟಿದೆ' ಎಂದರೆ ಬೇರೆ ಊರಿನಿಂದ ಬಂದ ಡಾಕ್ಟರು ಜೇನೋ ಚೇಳೋ ಎಂದುಕೊಳ್ಳಬಹುದು. ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವು, ಊತ ಏನೂ ಇರುವುದಿಲ್ಲ. ಗಾಯ ನೋಡಿದರೂ ಗೊತ್ತಾಗದು. ವಿಷ ಏರಿದ್ದರೆ ಅದಕ್ಕೆ ಮದ್ದು ಆಸ್ಪತ್ರೆಯ ವಿಷನಿರೋಧಕ ಇಂಜೆಕ್ಷನ್ ಒಂದೇ. ತಡವಾದಷ್ಟೂ ಅಪಾಯ. ಆದ್ದರಿಂದ 'ಹಾವು ಕಚ್ಚಿದೆ' ಎಂದು ಬಾಯಿಬಿಟ್ಟು ಹೇಳಬೇಕು. ಎಷ್ಟು ಹೊತ್ತಿಗೆ ಕಚ್ಚಿತು ಎಂದೂ ಹೇಳಬೇಕು. ಗಾಯ ಕುಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಹಾವನ್ನು ಹಿಡಿಯಲು ಹೋಗಬಾರದು. 2024ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಆಸ್ಪತ್ರೆಗಳು ತಪ್ಪದೆ ವರದಿ ಮಾಡಬೇಕೆಂದು ಆದೇಶಿಸಿದೆ. 'ಹುಳ' ಎಂದರೆ ಆ ಲೆಕ್ಕಕ್ಕೂ ಸಿಗುವುದಿಲ್ಲ.

ನಿಮ್ಮ ಮನೆಯಲ್ಲಿ ಆನೆ, ಚಿರತೆಗಳಿಗೂ ಇಂಥ ಗುಟ್ಟಿನ ಹೆಸರು ಇದೆಯೇ? ಅಜ್ಜ ಅಜ್ಜಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು ತನ್ನಿ. ಮುಂದಿನ ಸಂಚಿಕೆಯಲ್ಲಿ ಅಂಟಿಸೋಣ.