ಟವೆಲ್ಲಿನ ಅಂಚಿಗೆ ಎಷ್ಟು ಅಕ್ಷರ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಾಲ್ಕು ಕೋಣೆಗಳ ಹೋಂಸ್ಟೇ ನಡೆಸುತ್ತಿದ್ದೇವೆ. ಬೋರ್ಡು, ಬಿಲ್ಲು, ಕಾರ್ಡು ಎಲ್ಲದರ ಮೇಲೂ ನಮ್ಮ ಲೋಗೋ ಇದೆ: ಬೆಟ್ಟದ ಸಾಲು, ಕಾಫಿ ರೆಂಬೆ, ಕೆಳಗೆ ‘ಧಾಮ’ ಎಂದು ಮುಗಿಯುವ ಕನ್ನಡ ಹೆಸರು. ಅದನ್ನೇ ಟವೆಲ್‌ಗಳ ಮೇಲೂ ಹಾಕಿಸೋಣವೆಂದು ಒಂದು ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿಗೆ ಹೋದರೆ, ‘ಇದು ಟರ್ಕಿ ಟವೆಲ್ ಮೇಲೆ ನಿಲ್ಲಲ್ಲ, ಒಂದೆರಡಕ್ಷರ ಹಾಕಿಸಿ ಸಾಕು’ ಅಂದುಬಿಟ್ಟರು. ದೊಡ್ಡ ಹೋಟೆಲಿನವರು ಹಾಕಿಸುವುದಿಲ್ಲವೇ? ನಮ್ಮದು ಯಾಕೆ ಆಗುವುದಿಲ್ಲ? ಅತಿಥಿಗಳು ಟವೆಲ್ ಒಯ್ಯುವುದೂ ಉಂಟು. ಹೆಸರಿದ್ದರೆ ಅದು ನಿಂತೀತೇ?

– ಓದುಗರೊಬ್ಬರು, ಮೂಡಿಗೆರೆ ತಾಲೂಕು

ಉತ್ತರ: ಅಂಗಡಿಯವರು ಕೆಲಸ ತಪ್ಪಿಸಿಕೊಳ್ಳಲು ಹೇಳಿದ ಮಾತಲ್ಲ ಅದು, ನಿಮ್ಮ ದುಡ್ಡು ಉಳಿಸಿದ್ದಾರೆ. ಬೋರ್ಡು, ಕಾಗದ, ಮೊಬೈಲಿನ ಪರದೆ ಎಲ್ಲವೂ ಸಪಾಟು. ಅಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಯೂ ಗೆರೆಯಾಗಿಯೇ ಉಳಿಯುತ್ತದೆ. ಟರ್ಕಿ ಟವೆಲ್ಲಿನ ಕಥೆ ಬೇರೆ. ನಡುವೆ ಒಂದು ಬಿಗಿ ನೇಯ್ಗೆ, ಅದರ ಎರಡೂ ಮೈಗೆ ಒತ್ತೊತ್ತಾಗಿ ನೂಲಿನ ಕುಣಿಕೆಗಳು. ನೀರು ಹೀರುವುದು ಆ ಕುಣಿಕೆಗಳೇ. ಅವುಗಳ ಮೇಲೆ ಒಂದು ಮಿಲಿಮೀಟರ್ ಅಗಲದ ಗೆರೆ ಹೊಲಿದರೆ ದಾರ ಕುಣಿಕೆಗಳ ನಡುವೆ ಇಳಿದುಬಿಡುತ್ತದೆ. ನಾಲ್ಕು ಸಲ ಒಗೆಯುವಷ್ಟರಲ್ಲಿ ಅಕ್ಕಪಕ್ಕದ ಕುಣಿಕೆಗಳು ಎದ್ದು ಅದನ್ನು ಮುಚ್ಚುತ್ತವೆ. ನಿಮ್ಮ ಕಾಫಿ ರೆಂಬೆಯ ಎಲೆ, ಹಣ್ಣು, ಬೆಟ್ಟದ ಏರಿಳಿತ ಎಲ್ಲಕ್ಕೂ ಅದೇ ಗತಿ. ಹಾಗೆಂದು ಗೆರೆಗಳನ್ನು ದಪ್ಪ ಮಾಡಿ, ಒಳಗೆಲ್ಲ ದಾರ ತುಂಬಿಸಿದಿರೋ, ಅಂಗೈಯಗಲದ ಹಲಗೆಯೊಂದು ಟವೆಲ್ಲಿನ ನಡುವೆ ಕೂತ ಹಾಗಾಗುತ್ತದೆ. ಅದು ನೀರು ಹೀರುವುದಿಲ್ಲ, ಕೆನ್ನೆಗೆ ಒರಟು. ಜುಲೈ ತಿಂಗಳ ಮೂಡಿಗೆರೆಯಲ್ಲಿ ಅಷ್ಟು ಭಾಗ ಒಣಗುವುದರೊಳಗೆ ನಿಮ್ಮ ಅತಿಥಿಗಳು ಊರು ಸೇರಿರುತ್ತಾರೆ.

ಬಟ್ಟೆಯ ಮೇಲೆ ಗುರುತು ಹಾಕುವ ರೂಢಿ ಬೆಳೆದದ್ದು ಪ್ರಚಾರಕ್ಕಿಂತ ಹೆಚ್ಚಾಗಿ ಒಗೆತದ ಸಲುವಾಗಿ. ಹತ್ತಾರು ಮನೆಗಳ ಬಟ್ಟೆ ಒಟ್ಟಿಗೆ ಒಗೆಯುವ ಮಡಿವಾಳರು ಯಾವುದು ಯಾರದೆಂದು ತಿಳಿಯಲು ಕರಿಗೇರು ಕಾಯಿಯ ರಸದಲ್ಲಿ ಅಂಚಿಗೆ ಚುಕ್ಕೆಯನ್ನೋ ಗೀಟನ್ನೋ ಹಾಕುತ್ತಿದ್ದರು. ಸುಣ್ಣ ತಾಕಿದರೆ ಕಪ್ಪಗೆ ಕೂರುವ ಆ ರಸ ಎಷ್ಟು ಒಗೆದರೂ ಬಿಡುವುದಿಲ್ಲ. ಯುರೋಪಿನ ಉಳ್ಳವರ ಮನೆಗಳಲ್ಲಿ ಹಾಸು, ಹೊದಿಕೆ, ಕೈವಸ್ತ್ರಗಳ ಮೂಲೆಗೆ ಕೆಂಪು ದಾರದಲ್ಲಿ ಮನೆಯವರ ಹೆಸರಿನ ಎರಡಕ್ಷರ, ಕೆಲವೊಮ್ಮೆ ಒಂದು ಅಂಕಿ ಹೊಲಿಯುತ್ತಿದ್ದುದೂ ಇದೇ ಕಾರಣಕ್ಕೆ. ಕೆಂಪೇ ಯಾಕೆ? ‘ಟರ್ಕಿ ರೆಡ್’ ಎಂಬ ಆ ಬಣ್ಣ ಕುದಿಯುವ ನೀರಿಗೂ ಜಗ್ಗುತ್ತಿರಲಿಲ್ಲ. ಕುಣಿಕೆಯ ಟವೆಲ್ ಆಗಿನ್ನೂ ಆ ಮನೆಗಳಿಗೆ ಬಂದಿರಲಿಲ್ಲ. ಇಂಗ್ಲೆಂಡಿನ ಹೆನ್ರಿ ಕ್ರಿಸ್ಟಿ ತುರ್ಕಿಯಲ್ಲಿ ಕೈಯಿಂದ ನೇಯುತ್ತಿದ್ದ ಕುಣಿಕೆ ಬಟ್ಟೆಯನ್ನು ಕಂಡು ಬಂದ ಮೇಲೆ, ಅವರ ಕಂಪನಿ ಅದನ್ನು ಮಗ್ಗದ ಯಂತ್ರಕ್ಕೆ ಒಗ್ಗಿಸಿ 1851ರ ಲಂಡನ್ ಮಹಾಪ್ರದರ್ಶನದಲ್ಲಿಟ್ಟಿತು. ಬಟ್ಟೆ ಬದಲಾಯಿತು, ಗುರುತಿನ ಕಟ್ಟುಪಾಡು ಬದಲಾಗಲಿಲ್ಲ: ಗುರುತು ಚಿಕ್ಕದಿರಬೇಕು, ಒಂದೇ ಬಣ್ಣದಲ್ಲಿರಬೇಕು, ಅಂಚಿನಲ್ಲಿರಬೇಕು, ಒಗೆತಕ್ಕೆ ಬಿಡಬಾರದು. ವ್ಯಾಪಾರದ ಹೆಸರು ಆಮೇಲೆ ಬಂದು ಆ ಜಾಗದಲ್ಲಿ ಕೂತಿತು, ಅಷ್ಟೆ. ನೀವು ಕಾರ್ಡಿನಿಂದ ಹೊರಟು ಟವೆಲ್ಲಿಗೆ ಬರುತ್ತಿದ್ದೀರಿ. ಒಗೆಯುವ ಕಲ್ಲಿನಿಂದ ಹೊರಟು ವಿನ್ಯಾಸಕ್ಕೆ ಬನ್ನಿ ಎಂಬುದು ನನ್ನ ಸಲಹೆ.

ದೊಡ್ಡ ಹೋಟೆಲುಗಳ ಟವೆಲ್ಲಿನಲ್ಲಿ ಉಬ್ಬಿ ಕಾಣುವ ದೊಡ್ಡ ಹೆಸರು ಅನೇಕ ವೇಳೆ ಎಂಬ್ರಾಯ್ಡರಿಯೇ ಅಲ್ಲ. ಜಕಾರ್ಡ್ ಮಗ್ಗದಲ್ಲಿ ಕುಣಿಕೆಗಳನ್ನೇ ಎತ್ತಿ ಇಳಿಸಿ ಬಟ್ಟೆಯ ಜೊತೆಗೇ ನೇಯ್ದದ್ದು. ಹಾಗಾಗಿ ಗಟ್ಟಿಯಾಗುವುದಿಲ್ಲ, ನೀರನ್ನೂ ಹೀರುತ್ತದೆ. ಸೋಲಾಪುರದ ಮಗ್ಗಗಳಲ್ಲಿ ಈ ಕೆಲಸ ನಡೆಯುತ್ತದೆ. ಅಲ್ಲಿನ ಟೆರಿ ಟವೆಲ್ಲಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಇದೆ, ಕನ್ನಡದಲ್ಲೇ ವ್ಯವಹರಿಸುವವರೂ ಧಾರಾಳವಾಗಿ ಸಿಗುತ್ತಾರೆ. ಆದರೆ ಒಂದು ವಿನ್ಯಾಸಕ್ಕಾಗಿ ಮಗ್ಗ ಕಟ್ಟಬೇಕಾದ್ದರಿಂದ ನಾಲ್ಕು ಕೋಣೆಯವರ ಆರ್ಡರ್ ಅವರಿಗೆ ಸಾಲದು. ಇಡೀ ಲೋಗೋ ಬೇಕೇಬೇಕು ಎನ್ನುವುದಾದರೆ ನೇಯ್ದ ಸಣ್ಣ ಲೇಬಲ್ ಮಾಡಿಸಿ ಪಕ್ಕದ ಹೊಲಿಗೆಯೊಳಗೆ ಸೇರಿಸಿಬಿಡಿ. ಬೆಟ್ಟ, ರೆಂಬೆ, ಫೋನ್ ನಂಬರ್ ಎಲ್ಲಕ್ಕೂ ಅಲ್ಲಿ ಜಾಗವಿದೆ. ಎಂಬ್ರಾಯ್ಡರಿಗೆ ಅಕ್ಷರ ಮಾತ್ರ ಇರಲಿ.

ಈಗ ಅಕ್ಷರದ ವಿಚಾರ. ಎಂಬ್ರಾಯ್ಡರಿ ಅಂಗಡಿಗಳ ಕಂಪ್ಯೂಟರಿನಲ್ಲಿರುವ ಮಾನೋಗ್ರಾಂ ಮಾದರಿಗಳೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಮಾಡಿದವು. ಎರಡಕ್ಷರ ಒಂದರೊಳಗೊಂದು ಕೂರಬೇಕೆಂಬುದು ಅವುಗಳ ಸೂತ್ರ. ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ ದೊಡ್ಡ ‘ಎ’ಯ ಕಾಲುಗಳ ನಡುವೆ ಸಣ್ಣ ‘ಡಿ’ಯನ್ನು ಕೂರಿಸಿ ರುಜು ಹಾಕುತ್ತಿದ್ದುದು ಇದರ ಪ್ರಸಿದ್ಧ ಉದಾಹರಣೆ. ಐನೂರು ವರ್ಷ ದಾಟಿದರೂ ಹೆಬ್ಬೆರಳಿನಷ್ಟು ಜಾಗದಲ್ಲಿ ಅದನ್ನು ಥಟ್ಟನೆ ಗುರುತಿಸಬಹುದು. ಕನ್ನಡದಲ್ಲಿ ಹೀಗೆ ಮಾಡಹೊರಟರೆ ಎಡವಟ್ಟಾಗುತ್ತದೆ. ಒಂದರ ಕೆಳಗೊಂದು ಅಕ್ಷರ ಇಡುವುದು ನಮ್ಮ ಲಿಪಿಯಲ್ಲಿ ಮೊದಲೇ ಇದೆ, ಅದೇ ಒತ್ತಕ್ಷರ. ‘ಮ’ದ ಕೆಳಗೆ ‘ಲ’ ಇಟ್ಟರೆ ಓದುವವರ ಬಾಯಲ್ಲಿ ಅದು ‘ಮ್ಲ’ ಆಗುತ್ತದೆ. ಅದಕ್ಕಿಂತ ಪಕ್ಕಪಕ್ಕ ಇಡುವುದು ಲೇಸು. ಮೊದಲಕ್ಷರಗಳನ್ನು ಗುಣಿತದ ಸಮೇತ ಕೂಡಿಸಿ ಒಂದು ಹೆಸರನ್ನೇ ಮಾಡಿಕೊಳ್ಳುವ ಅಭ್ಯಾಸ ನಮ್ಮ ಸಾಹಿತಿಗಳಿಗೆ ಚೆನ್ನಾಗಿಯೇ ಇತ್ತು: ಕುವೆಂಪು, ಪುತಿನ, ತರಾಸು. ನಿಮ್ಮ ಹೆಸರಿನ ಎರಡು ಪದಗಳಿಂದ ಹಾಗೆ ಬಾಯಿಗೆ ಬರುವ ಎರಡಕ್ಷರ ಹುಟ್ಟುವುದಾದರೆ ಅದೃಷ್ಟ. ಇಲ್ಲದಿದ್ದರೆ ಮೊದಲ ಅಕ್ಷರ ಒಂದೇ ಸಾಕು.

ಪೂರ್ತಿ ಹೆಸರು ಬೇಡವೆಂದು ನಾನು ಹಟ ಹಿಡಿಯುವುದಕ್ಕೆ ನಿಮ್ಮ ‘ಧಾಮ’ವೇ ಕಾರಣ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸೀಳು. ಕಾಗದದ ಮೇಲೆ ಅದು ಸ್ಪಷ್ಟ. ಟವೆಲ್ಲಿನಲ್ಲಿ ದಾರ ಬಿಗಿಯುತ್ತದೆ, ಬಟ್ಟೆ ಎಳೆದುಕೊಳ್ಳುತ್ತದೆ, ಕುಣಿಕೆ ಒಳನುಗ್ಗುತ್ತದೆ. ಸೀಳು ಮುಚ್ಚಿ ‘ದಾಮ’ವಾಗುತ್ತದೆ. ‘ಡ’ ಮತ್ತು ‘ಢ’ಕ್ಕೂ ಇದೇ ಪಾಡು. ‘ಠ’ದೊಳಗಿನ ಚುಕ್ಕೆ ಮಾಯವಾದರೆ ‘ರ’. ‘ಷ’ದ ಒಳಗೀಟು ಕುಣಿಕೆಯಲ್ಲಿ ಮುಳುಗಿದರೆ ‘ಪ’. ಒತ್ತಕ್ಷರವಂತೂ ಮೂಲ ಅಕ್ಷರದ ಅರ್ಧದಷ್ಟೇ ಇರುವುದರಿಂದ, ಅದು ಓದಲು ಬರಬೇಕಾದರೆ ಮೇಲಿನ ಅಕ್ಷರವನ್ನು ಎರಡರಷ್ಟು ದೊಡ್ಡದು ಮಾಡಬೇಕು. ಗ, ನ, ಲ, ಸ ಮುಂತಾದ ತೆರೆದ ಅಕ್ಷರಗಳು ದಾರಕ್ಕೆ ಒಗ್ಗುತ್ತವೆ. ಕ್ಷ, ಜ್ಞ, ಝ ಸತಾಯಿಸುತ್ತವೆ. ಟರ್ಕಿ ಬಟ್ಟೆಯ ಮೇಲೆ ಕನ್ನಡ ಅಕ್ಷರ 3 ಸೆಂಟಿಮೀಟರಿಗಿಂತ ಚಿಕ್ಕದಿರುವುದು ಬೇಡ. ಗೆರೆಯ ದಪ್ಪ 3ರಿಂದ 6 ಮಿಲಿಮೀಟರ್ ನಡುವೆ ಇರಲಿ. ಅದಕ್ಕಿಂತ ಸಣ್ಣದು ಮುಳುಗುತ್ತದೆ, ಅದಕ್ಕಿಂತ ಅಗಲವಾದರೆ ಮೇಲ್ಗಡೆಯ ಉದ್ದ ದಾರ ಉಗುರಿಗೋ ಬಳೆಗೋ ಸಿಕ್ಕಿ ಎಳೆ ಬರುತ್ತದೆ. ಸುತ್ತ ವೃತ್ತ ಹಾಕಿಸಲೇಬೇಡಿ. ಎರಡು ಒಗೆತಕ್ಕೆ ಅದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ಅಂಗಡಿಯಲ್ಲಿ ಮಾತಾಡುವಾಗ ಎರಡು ಲೆಕ್ಕ ಗೊತ್ತಿರಲಿ. ನಿಮ್ಮ ಚಿತ್ರವನ್ನು ಸೂಜಿಗೆ ಅರ್ಥವಾಗುವ ಫೈಲಾಗಿ ಮಾಡುವುದಕ್ಕೆ ಪಂಚಿಂಗ್ ಎನ್ನುತ್ತಾರೆ. ಅದರ ಖರ್ಚು ಒಂದೇ ಸಲ. ಫೈಲಿಗೆ ದುಡ್ಡು ಕೊಟ್ಟವರು ನೀವು, ಆದ್ದರಿಂದ ಪ್ರತಿಯನ್ನು ಕೇಳಿ ಪಡೆಯಿರಿ. ಮುಂದೆ ಬೇರೆ ಊರಿನಲ್ಲಿ ಹೊಲಿಸಿದರೂ ಅದೇ ಅಕ್ಷರ ಬರುತ್ತದೆ. ಹೊಲಿಗೆಯ ದರ ಸಾವಿರ ಸ್ಟಿಚ್ಚಿಗೆ ಇಷ್ಟೆಂದು ಇರುತ್ತದೆ. ಅಂಗೈಯಗಲ ದಾರ ತುಂಬಿದ ಲೋಗೋ 10,000 ಸ್ಟಿಚ್ಚಿನ ಸುತ್ತಮುತ್ತ ಹೋಗುವುದು ಸುಲಭ. ಎರಡು ತೆರೆದ ಅಕ್ಷರಗಳಿಗೆ 2,000ದಿಂದ 3,000 ಸಾಕು. ನಿಮಿಷಕ್ಕೆ 700 ಸ್ಟಿಚ್ ಹಾಕುವ ಯಂತ್ರದಲ್ಲಿ ಮೊದಲನೆಯದಕ್ಕೆ ಕಾಲು ಗಂಟೆ ಹಿಡಿದರೆ ಎರಡನೆಯದು ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ. ಹೊಲಿಯುವಾಗ ಅಕ್ಷರದ ಮೇಲೆ ನೀರಿನಲ್ಲಿ ಕರಗುವ ತೆಳು ಹಾಳೆ ಹಾಸುತ್ತಾರೋ ಎಂದು ಕೇಳಿ. ಕುಣಿಕೆಗಳನ್ನು ಒತ್ತಿಹಿಡಿದು ದಾರ ಮೇಲೆ ನಿಲ್ಲುವಂತೆ ಮಾಡುವುದು ಅದೇ. ‘ಅದೆಲ್ಲ ಏನೂ ಬೇಡ’ ಎಂದರೆ ಬೇರೆ ಅಂಗಡಿ ನೋಡಿ.

ಜಾಗ ಆರಿಸುವುದಕ್ಕೆ ಟೇಪು ಬೇಡ, ಮಡಿಕೆ ಬೇಕು. ನೀವು ಕೋಣೆಯಲ್ಲಿ ಟವೆಲ್ಲನ್ನು ಹೇಗೆ ಮಡಚಿ ಇಡುತ್ತೀರೋ ಹಾಗೆಯೇ ಮಡಚಿ, ಕಣ್ಣಿಗೆ ಬೀಳುವ ಭಾಗಕ್ಕೆ ಚಾಕಿನ ಗುರುತು ಹಾಕಿ. ಅಗಲವನ್ನು ಮೂರು ಮಡಿಕೆ ಮಾಡುವವರಿಗೆ ನಡುವಿನ ಮೂರನೇ ಒಂದು ಭಾಗ ಬಿಟ್ಟು ಮಿಕ್ಕದ್ದು ಕಾಣುವುದೇ ಇಲ್ಲ. ಮೂಲೆಯಲ್ಲಿ ಹಾಕಿಸಿದ ಅಕ್ಷರ ಒಳಗೆ ಅಡಗಿ ಕೂರುತ್ತದೆ. ಅಂಚಿನಿಂದ ಸ್ವಲ್ಪ ಮೇಲೆ ಕುಣಿಕೆಯಿಲ್ಲದ ಚಪ್ಪಟೆ ಪಟ್ಟಿಯೊಂದು ಹಲವು ಟವೆಲ್‌ಗಳಲ್ಲಿ ಇರುತ್ತದಲ್ಲ, ಅದು ಅಗಲವಾಗಿದ್ದರೆ ಅದರ ಮೇಲೆಯೇ ಹಾಕಿಸಿ. ಅಕ್ಷರ ಅಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ, ಮುಖ ಒರೆಸುವಾಗ ಅಡ್ಡ ಬರುವುದೂ ಇಲ್ಲ.

ಟವೆಲ್ಲಿಗೆ ಎರಡು ಮುಖ ಎಂಬುದನ್ನು ಹೊಲಿಸುವವರು ಮರೆಯುತ್ತಾರೆ. ಯಂತ್ರದ ಕೆಲಸದಲ್ಲಿ ಹಿಂಬದಿಗೆ ಬಾಬಿನ್ನಿನ ಬಿಳಿ ದಾರ ಕಾಣುತ್ತದೆ. ಬಿಳಿ ಟವೆಲ್ಲಿಗೆ ಅಡ್ಡಿಯಿಲ್ಲ, ಬಣ್ಣದ್ದಾದರೆ ಬಾಬಿನ್ನಿಗೂ ಟವೆಲ್ಲಿನ ಬಣ್ಣದ್ದೇ ದಾರ ಹಾಕಿಸಿ. ಧಾರವಾಡದ ಕಸೂತಿಯ ಗವಂತಿ ಹೊಲಿಗೆಗೆ ಈ ತಾಪತ್ರಯವೇ ಇಲ್ಲ, ಗಂಟಿಲ್ಲದೆ ಎರಡೂ ಬದಿ ಒಂದೇ ತರಹ ಕಾಣುತ್ತದೆ. ಆದರೆ ಅದನ್ನು ಬಟ್ಟೆಯ ಎಳೆ ಎಣಿಸಿ ಹಾಕಬೇಕು. ಕುಣಿಕೆಯ ಕಾಡಿನಲ್ಲಿ ಎಳೆ ಎಣಿಸುವವರು ಯಾರು? ತೆಳು ಕೈಮಗ್ಗದ ಟವೆಲ್ಲಿಗಾದರೆ ಹಾಕಿಸಬಹುದು. ಸಮಯವೂ ಮಜೂರಿಯೂ ಹೆಚ್ಚಾದ್ದರಿಂದ ದಿನಬಳಕೆಗೆ ಬೇಡ, ಉಡುಗೊರೆಗೆ ಚೆಂದ.

ದಾರ ಪಾಲಿಯೆಸ್ಟರ್ ಆಗಿರಲಿ. ರೇಯಾನ್ ದಾರಕ್ಕೆ ಹೊಳಪು ಜಾಸ್ತಿ, ನೋಡಿದೊಡನೆ ಮನಸ್ಸು ಅದರತ್ತ ಹೋಗುತ್ತದೆ. ಆದರೆ ಎಣ್ಣೆ, ಅರಿಶಿನ, ತಲೆಗೂದಲ ಡೈ ಇವುಗಳ ಕಲೆ ತೆಗೆಯಲು ನೀವು ಬ್ಲೀಚ್ ಹಾಕುವ ದಿನ ಬಂದೇ ಬರುತ್ತದೆ. ಆ ದಿನ ರೇಯಾನ್ ಬಣ್ಣ ಕಳೆದುಕೊಳ್ಳುತ್ತದೆ. ಜರಿ ದಾರ ಚರ್ಮಕ್ಕೆ ಚುಚ್ಚುತ್ತದೆ, ಬೇಡವೇ ಬೇಡ. ಟವೆಲ್‌ಗಳನ್ನು ತಂದವರೇ ನೇರ ಹೊಲಿಗೆಗೆ ಕೊಡಬೇಡಿ, ಬಿಸಿನೀರಿನಲ್ಲಿ ಎರಡು ಸಲ ಒಗೆದು ಒಣಗಿಸಿ ಕೊಡಿ. ಹತ್ತಿ ಒಗೆತಕ್ಕೆ ಕುಗ್ಗುತ್ತದೆ, ಪಾಲಿಯೆಸ್ಟರ್ ದಾರ ಕುಗ್ಗುವುದಿಲ್ಲ. ಹೊಸ ಟವೆಲ್ಲಿನ ಮೇಲೆ ಹೊಲಿದರೆ ಅಕ್ಷರದ ಸುತ್ತ ಬಟ್ಟೆ ಮುದುರಿಕೊಳ್ಳುವುದು ಇದರಿಂದಲೇ. ಒಂದೇ ಒಂದು ಮಾದರಿ ಮಾಡಿಸಿ, ನಿಮ್ಮ ಮನೆಯ ಮಷೀನಿನಲ್ಲಿ, ನಿಮ್ಮ ಸೋಪಿನಲ್ಲಿ ಹತ್ತು ಸಲ ಒಗೆದು ನೋಡಿ. ಅದಾದ ಮೇಲೆ ಮಿಕ್ಕದ್ದಕ್ಕೆ ಒಪ್ಪಿಗೆ ಕೊಡಿ.

ಎಷ್ಟು ಬೇಕೆಂದು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಹೋಟೆಲಿನವರು ಮೂರು ಜೊತೆ ಎಂದು ಲೆಕ್ಕ ಹಾಕುತ್ತಾರೆ: ಒಂದು ಕೋಣೆಯಲ್ಲಿ, ಒಂದು ಒಗೆತದಲ್ಲಿ, ಒಂದು ಕಪಾಟಿನಲ್ಲಿ. ನಾಲ್ಕು ಕೋಣೆ, ಕೋಣೆಗಿಬ್ಬರು ಅಂದರೆ 24. ಮಲೆನಾಡಿನ ಮಳೆಗೆ ಇನ್ನೊಂದು ಜೊತೆ ಸೇರಿಸಿ 32 ಮಾಡಿಸಿ. 600 ಜಿಎಸ್‌ಎಂನ, ಅಂದರೆ ಚದರ ಮೀಟರಿಗೆ 600 ಗ್ರಾಂ ತೂಗುವ, ಭಾರೀ ಟವೆಲ್ ಬಿಸಿಲೂರಿನವರಿಗೆ ಸರಿ. ನಿಮಗೆ 400–450ರದ್ದೇ ಬೇಗ ಒಣಗುತ್ತದೆ.

ಇನ್ನು ಒಯ್ಯುವವರ ಮಾತು. ಹೆಸರು ಹಾಕಿದರೆ ಒಯ್ಯುವುದು ನಿಲ್ಲುತ್ತದೆಂದು ಎಣಿಸಬೇಡಿ. ನೆನಪಿಗೆಂದು ಒಯ್ಯುವವರಿಗೆ ಹೆಸರಿರುವುದೇ ಬೇಕು. ಅಮೆರಿಕದ ಹಾಲಿಡೇ ಇನ್ ಹೋಟೆಲುಗಳ ಹೆಸರು ಹೊತ್ತ ಟವೆಲ್‌ಗಳು ಎಷ್ಟೋ ಮನೆ ಸೇರಿದ್ದವೆಂದರೆ, 2003ರಲ್ಲಿ ಆ ಕಂಪನಿಯೇ ಒಂದು ದಿನವನ್ನು ಟವೆಲ್ ಒಯ್ದವರಿಗೆಲ್ಲ ‘ಕ್ಷಮಾದಾನದ ದಿನ’ವೆಂದು ಸಾರಿ, ಒಯ್ದ ಕಥೆ ಹೇಳಿ ಎಂದು ಕೇಳಿಕೊಂಡಿತು. ನಷ್ಟವನ್ನೇ ಪ್ರಚಾರ ಮಾಡಿಕೊಳ್ಳುವಷ್ಟು ದೊಡ್ಡವರು ಅವರು. ನೀವು ಹಾಗೆ ಮಾಡುವ ಹಾಗಿಲ್ಲ, ಮಾರಬಹುದು. ಅದೇ ಅಕ್ಷರ ಹಾಕಿದ ಹತ್ತು ತೆಳು ಟವೆಲ್‌ಗಳನ್ನು ಬೆಲೆಚೀಟಿ ಅಂಟಿಸಿ, ನೀವು ಕಾಫಿಪುಡಿ, ಮೆಣಸು ಇಡುವ ಕಡೆಯೇ ಇಟ್ಟು ನೋಡಿ. ಕೋಣೆಯದಕ್ಕೆ ಹಸಿರು ದಾರ, ಮಾರುವುದಕ್ಕೆ ಕಾಫಿ ಬಣ್ಣದ ದಾರ ಹಾಕಿಸಿದರೆ ಕೋಣೆ ಖಾಲಿ ಮಾಡಿಸುವವರಿಗೂ ಲೆಕ್ಕ ಸುಲಭವಾಗುತ್ತದೆ.