ಸನ್ಯಾಸಿ ಏಡಿಗೆ ಒಂದು ಮನೆ



ಹೋದ ತಿಂಗಳು ನಾನು ಕಡಲ ದಂಡೆಯಿಂದ ಎರಡು ಸನ್ಯಾಸಿ ಏಡಿಗಳನ್ನು ತಂದು, ಬಾವಿ ನೀರು ತುಂಬಿದ ಡಬ್ಬಿಯಲ್ಲಿ ಬಿಟ್ಟೆ. ಸಂಜೆ ನೋಡಿದರೆ ಒಂದು ಏಡಿ ಚಿಪ್ಪಿನಿಂದ ಹೊರಬಿದ್ದು ಸತ್ತಿತ್ತು. "ಕಡಲ ಜೀವಕ್ಕೆ ಬಾವಿ ನೀರು ಕೊಟ್ರೆ ಬದುಕ್ತದಾ?" ಎಂದು ಅಮ್ಮ ಬೈದಳು. ಇನ್ನೊಂದನ್ನು ಉಳಿಸಲು ಕೂಡಲೇ ಸಮುದ್ರದ ನೀರು ತಂದೆ. ಮರುದಿನ ವಿಜ್ಞಾನದ ಸರ್ ಹತ್ತಿರ ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಸನ್ಯಾಸಿ ಏಡಿ ಎಂದರೇನು?

ಇದರ ಮುಂಭಾಗ ಗಟ್ಟಿ, ಹೊಟ್ಟೆ ಮಾತ್ರ ಮೆತ್ತಗೆ. ಆದ್ದರಿಂದ ಶಂಖದ ಹುಳುವಿನ ಖಾಲಿ ಚಿಪ್ಪಿನೊಳಗೆ ಹೊಟ್ಟೆಯನ್ನು ಸೇರಿಸಿಕೊಂಡು, ಚಿಪ್ಪನ್ನು ಹೊತ್ತೇ ತಿರುಗುತ್ತದೆ. ಬೆಳೆದ ಹಾಗೆ ದೊಡ್ಡ ಚಿಪ್ಪು ಹುಡುಕುತ್ತದೆ. ಕಿವಿರುಗಳಿಂದ ಉಸಿರಾಡುತ್ತದೆ. 1 ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಸಿಹಿನೀರಿನಲ್ಲಿ ಹಾಕಿದರೆ ನೀರು ಅದರ ದೇಹದೊಳಗೆ ನುಗ್ಗಿ ಲವಣದ ಸಮತೋಲ ಕೆಡುತ್ತದೆ. ನನ್ನ ಏಡಿ ಸತ್ತದ್ದು ಹೀಗೆ.

ಬೇಕಾಗುವ ಸಾಮಗ್ರಿಗಳು

ಅಗಲ ಬಾಯಿಯ ಗಾಜಿನ ತೊಟ್ಟಿ ಅಥವಾ ಪ್ಲಾಸ್ಟಿಕ್ ಟಬ್, ಸಮುದ್ರದ ನೀರು, ಮರಳು, ಎರಡು ಮೂರು ಕಲ್ಲು, ಬೇರೆ ಬೇರೆ ಅಳತೆಯ ಖಾಲಿ ಚಿಪ್ಪುಗಳು, ಮುಚ್ಚಲು ಬಲೆ.

ಮಾಡುವ ವಿಧಾನ

1. ತಳಕ್ಕೆ ಕಡಲ ಮರಳು ಹಾಸಿ, ಕಲ್ಲುಗಳನ್ನು ಅಲ್ಲಾಡದಂತೆ ಇಡಿ. ಒಂದು ಕಲ್ಲಿನ ತುದಿ ನೀರಿನಿಂದ ಮೇಲೆ ಬರಲಿ.
2. ಸಮುದ್ರದ ನೀರು ಹಾಕಿ. ಅಡಿಗೆ ಉಪ್ಪು ಕಲಸಿದ ನೀರು ಸಾಲದು, ಸಮುದ್ರದಲ್ಲಿ ಬೇರೆ ಲವಣಗಳೂ ಇವೆ.
3. ನೀರಿನ ಮಟ್ಟಕ್ಕೆ ಗುರುತು ಹಾಕಿ. ಆವಿಯಾಗಿ ಹೋಗುವುದು ನೀರು ಮಾತ್ರ, ಲವಣ ಉಳಿಯುತ್ತದೆ. ಆದ್ದರಿಂದ ಗುರುತಿನವರೆಗೆ ಸ್ವಲ್ಪ ಬಾವಿ ನೀರು ಸೇರಿಸಬೇಕು.
4. ದಿನಾಲೂ ಅರ್ಧ ನೀರು ತೆಗೆದು ಹೊಸ ಸಮುದ್ರದ ನೀರು ಹಾಕಿ.
5. ಉಗುರಿನಷ್ಟು ಮೀನಿನ ತುಂಡು ಸಾಕು. ಉಳಿದದ್ದನ್ನು ತೆಗೆಯದಿದ್ದರೆ ನೀರು ಕೊಳೆಯುತ್ತದೆ.
6. ನೆರಳಿನಲ್ಲಿಟ್ಟು ಬಲೆ ಮುಚ್ಚಿ. ಇದು ಹತ್ತುವುದರಲ್ಲಿ ಗಟ್ಟಿಗ!

ಎಚ್ಚರಿಕೆ

ತಾಮ್ರದ ಪಾತ್ರೆ ಬೇಡವೇ ಬೇಡ, ತಾಮ್ರ ಏಡಿಗೆ ವಿಷ. ಬಣ್ಣ ಬಳಿದ ಚಿಪ್ಪನ್ನೂ ಹಾಕಬಾರದು. ಚಿಪ್ಪಿನಿಂದ ಏಡಿಯನ್ನು ಎಳೆಯಬೇಡಿ, ಬಿಡುವ ಬದಲು ಅದು ಹರಿದುಹೋಗುತ್ತದೆ. ತೊಟ್ಟಿಯಲ್ಲಿ ಏಡಿಯ ಆಕಾರದ ಖಾಲಿ ಪೊರೆ ಕಂಡರೆ ಸತ್ತಿತೆಂದು ಎಸೆಯಬೇಡಿ. ಅದು ಪೊರೆ ಬಿಟ್ಟು ಒಳಗೆ ಅಡಗಿರಬಹುದು.

ಪೇಟೆಯಲ್ಲಿ ಮಾರುವ ನೆಲದ ಸನ್ಯಾಸಿ ಏಡಿಯ ಕ್ರಮವೇ ಬೇರೆ. ಅದನ್ನು ನೀರಲ್ಲಿ ಮುಳುಗಿಸಿಟ್ಟರೆ ಸಾಯುತ್ತದೆ. ಅದಕ್ಕೆ ತೇವದ ಗಾಳಿ, ಹೂತುಕೊಳ್ಳಲು ಆಳವಾದ ಒದ್ದೆ ಮರಳು, ಸಿಹಿನೀರು ಮತ್ತು ಸಮುದ್ರದ ನೀರಿನ ಎರಡು ಬಟ್ಟಲು ಬೇಕು.

ಉಳಿದ ಏಡಿ ನನ್ನ ತೊಟ್ಟಿಯಲ್ಲಿ ಎಂಟು ದಿನ ಇತ್ತು. ಐದನೇ ರಾತ್ರಿ ಹಳೇ ಚಿಪ್ಪು ಬಿಟ್ಟು, ನಾನಿಟ್ಟ ದೊಡ್ಡ ಚಿಪ್ಪಿಗೆ ಹೋಗಿತ್ತು. ನನಗೆ ಎಷ್ಟು ಖುಷಿಯಾಯ್ತು ಅಂದರೆ ಹೇಳಲು ಆಗುವುದಿಲ್ಲ. ಭಾನುವಾರ ನೀರಿಳಿದಾಗ, ತಂದ ಬಂಡೆಯ ಹತ್ತಿರವೇ ಬಿಟ್ಟು ಬಂದೆ. ಹೊಸ ಚಿಪ್ಪನ್ನೂ ಅದೇ ಹೊತ್ತುಕೊಂಡು ಹೋಯಿತು.

ಗೆಳೆಯರೇ, ವಸ್ತುಪ್ರದರ್ಶನಕ್ಕೆಂದು ನಾವು ಚೀಲಗಟ್ಟಲೆ ಚಿಪ್ಪು ಆರಿಸುತ್ತೇವಲ್ಲ, ಅದು ಯಾರದೋ ನಾಳಿನ ಮನೆ. ಸ್ವಲ್ಪ ಅಲ್ಲೇ ಬಿಟ್ಟು ಬನ್ನಿ.