ನಾಯಿಯ ಮೈ ಒಣಗಿದೆಯೇ? ಒಂದಷ್ಟು ಕಿವಿಮಾತು

ಚಳಿ ಬಿತ್ತೆಂದರೆ ನಾಯಿ ಪರಪರ ಕೆರೆದುಕೊಳ್ಳುತ್ತದೆ, ಮಲಗಿದಲ್ಲೆಲ್ಲ ಬಿಳಿ ಹೊಟ್ಟು ಉದುರಿಸುತ್ತದೆ. ದುಡ್ಡು ಸುರಿಯುವ ಮೊದಲು ಇಷ್ಟು ನೋಡಿಕೊಳ್ಳಿ.

• ವಾರವಾರ ಸ್ನಾನ ಮಾಡಿಸುವ ಚಟ ಬಿಡಿ. ಮೈಯ ಜಿಡ್ಡೆಲ್ಲ ತೊಳೆದುಹೋದರೆ ಚರ್ಮ ಒಣಗದೆ ಇನ್ನೇನಾದೀತು? ಆರೋಗ್ಯವಾಗಿರುವ ನಾಯಿಗೆ ತಿಂಗಳಿಗೊಂದು ಸ್ನಾನ ಸಾಕು. ಕಾಲು ಕೆಸರಾದರೆ ಕಾಲಷ್ಟೇ ತೊಳೆಯಿರಿ.

• ನಿಮ್ಮ ಸೋಪು, ಶಾಂಪೂ ನಿಮಗೇ ಇರಲಿ. ನಮ್ಮ ಚರ್ಮಕ್ಕೆ ಹೊಂದಿದ್ದು ಅದರ ಚರ್ಮಕ್ಕೆ ಹೊಂದುವುದಿಲ್ಲ. ನಾಯಿಗೆಂದೇ ಮಾಡಿದ ಶಾಂಪೂ ತನ್ನಿ. ತಿಂಗಳಿಗೊಮ್ಮೆಯಾದರೆ ಒಂದು ಬಾಟಲಿ ಬಹಳ ದಿನ ಬರುತ್ತದೆ.

• ನೀರು ಉಗುರುಬೆಚ್ಚಗಿರಲಿ. ಹೊಟ್ಟೆಯಡಿ, ಕಾಲ್ಬೆರಳ ಸಂದು ಎರಡನ್ನೂ ಮರೆಯದೆ ತೊಳೆಯಿರಿ; ಉಳಿದ ನೊರೆಯೇ ಆಮೇಲೆ ತುರಿಕೆ ತರುತ್ತದೆ. ವಾಸನೆ ಹೋಗಲೆಂದು ನೀರಿಗೆ ಫಿನಾಯಿಲು ಮಾತ್ರ ಬೆರೆಸಲೇಬೇಡಿ, ಚರ್ಮ ಸುಡುತ್ತದೆ.

• ದಿನಾ ಐದು ನಿಮಿಷ ಬ್ರಷ್ ಮಾಡಿ. ಚರ್ಮದ ಎಣ್ಣೆ ಕೂದಲಿಗೆಲ್ಲ ಹರಡುತ್ತದೆ, ಅಡಗಿ ಕೂತ ಉಣ್ಣೆಯೂ ಕೈಗೆ ಸಿಗುತ್ತದೆ.

• ಬಾಚುವಾಗ ಕಪ್ಪು ಪುಡಿ ಉದುರಿದರೆ ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿ ನೋಡಿ. ಕೆಂಪು ಬಿಟ್ಟರೆ ಅದು ಚಿಗಟದ ಹಿಕ್ಕೆ. ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಮೊಟ್ಟೆಗಳು ಅಲ್ಲೇ ಉದುರಿರುತ್ತವೆ.

• ಮನೆಯಲ್ಲಿ ಬೆಕ್ಕೂ ಇದ್ದರೆ ಚಿಗಟದ ಔಷಧಿ ಕೇಳುವಾಗಲೇ ಡಾಕ್ಟರಿಗೆ ಹೇಳಿ. ನಾಯಿಯ ಕೆಲವು ಔಷಧಿಗಳು ಬೆಕ್ಕಿನ ಪ್ರಾಣ ತೆಗೆಯುತ್ತವೆ.

• ಬರೀ ಅನ್ನ-ಮಜ್ಜಿಗೆ ಹಾಕಿ ಮಿರಿಮಿರಿ ಮೈ ಬಯಸಬೇಡಿ. ಬೇಯಿಸಿದ ಮೊಟ್ಟೆ ಕೊಡಿ. ಕರಾವಳಿಯವರು ಭೂತಾಯಿ ಮೀನನ್ನು ಉಪ್ಪು ಖಾರ ಹಾಕದೆ ಬೇಯಿಸಿ, ಮುಳ್ಳು ತೆಗೆದು ಕೊಡಿ. ಅದರಲ್ಲಿರುವ ಒಮೆಗಾ-3 ಚರ್ಮಕ್ಕೆ ಒಳ್ಳೆಯದು.

• ಉಳಿದ ಸಾರು ದಂಡವಾಗುತ್ತದೆಂದು ತಟ್ಟೆಗೆ ಸುರಿಯಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ.

• ಕೊಬ್ಬರಿ ಎಣ್ಣೆ ಒಣಗಿದ ಜಾಗಕ್ಕೆ ಎರಡು ಹನಿ ಸಾಕು. ಮೈತುಂಬ ಬಳಿದರೆ ಎಲ್ಲ ನೆಕ್ಕಿ ಹೊಟ್ಟೆ ಕೆಡಿಸಿಕೊಳ್ಳುತ್ತದೆ. ಟೀ ಟ್ರೀ ಎಣ್ಣೆ ಹತ್ತಿರವೂ ತರಬೇಡಿ.

• ಗ್ರಾನೈಟ್ ನೆಲದ ಮೇಲೆ ಹಳೇ ಕಂಬಳಿ ಹಾಸಿ. ಮುಧೋಳದಂಥ ಸಣಕಲು, ಗಿಡ್ಡಗೂದಲಿನ ನಾಯಿಗೆ ಮೊಣಕೈ ಬೇಗ ಒರಟಾಗುತ್ತದೆ.

• ನೀವು ಅರ್ಧ ಬಳಸಿಟ್ಟ ಮುಲಾಮನ್ನು ನಾಯಿಗೆ ಹಚ್ಚಿ ಮುಗಿಸಬೇಡಿ. ಹಚ್ಚಿದ್ದೆಲ್ಲ ಅದರ ನಾಲಿಗೆಗೇ ಹೋಗುತ್ತದೆ.

• ದುಂಡಗೆ ಕೂದಲು ಉದುರಿದರೆ ಹುಳುಕಡ್ಡಿ ಇರಬಹುದು. ಮಕ್ಕಳಿಗೂ ಅಂಟುತ್ತದೆ, ಮುಟ್ಟಿದ ಕೈ ತೊಳೆಸಿ. ಕಿವಿಯಂಚು, ಮೊಣಕೈ ವಿಪರೀತ ಕೆರೆದುಕೊಂಡರೆ ಕಜ್ಜಿಯ ಅನುಮಾನ. ತುರಿಕೆಯಿಲ್ಲದೆ ಕೂದಲು ತೆಳುವಾಗಿ, ನಾಯಿ ದಪ್ಪಗಾಗಿ ಮಂಕಾಗಿದ್ದರೆ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಈ ಮೂರಕ್ಕೂ ಪಶುವೈದ್ಯರೇ ಬೇಕು, ಮನೆಮದ್ದು ಸಾಲದು.

• ಉಳಿದದ್ದಕ್ಕೆ ತಾಳ್ಮೆಯಿರಲಿ. ಹೊಸ ಚರ್ಮ ಮೂಡಲು ಮೂರು ವಾರವಾದರೂ ಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಹಿಡಿಸಿತೆಂದು ತಿಳಿಯುವುದಿಲ್ಲ. ಸ್ನಾನದ ದಿನವನ್ನು ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಮಾಡಿ. ನೆನಪಿರುತ್ತದೆ ಅಂತ ಮಾತ್ರ ಹೇಳಬೇಡಿ.